ಪುಸ್ತಕದಲ್ಲಿದ್ದ ಬೆಲೆ

ತಕ್ಕಡಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿ ತಕ್ಕಡಿ ರಿಪೇರಿ ಮಾಡಿದವರು. ವಾಲಿದ ಮುಳ್ಳನ್ನು ನೇರ ಮಾಡುತ್ತಾ ಅಂಗಡಿಯವನಿಗೆ ನ್ಯಾಯ ನೀತಿಯ ಮೇಲೆ ಅರ್ಧ ಗಂಟೆ ಉಪದೇಶ ಮಾಡದೆ ಎದ್ದದ್ದೇ ಇಲ್ಲ, ಅದಕ್ಕೆ ಮಾರುಕಟ್ಟೆಯವರು ಇಟ್ಟ ಹೆಸರು ಅದು. ತಟ್ಟೆಯ ಅಡಿಗೆ ಯಾರಾದರೂ ಮೇಣ ಮೆತ್ತಿದ್ದರೆ ಕೈಗೆತ್ತಿಕೊಂಡ ಕೂಡಲೇ ಹೇಳುತ್ತಿದ್ದರು. ಅಂಥ ಮನುಷ್ಯನ ಮನೆಯಲ್ಲೇ ತೂಕ ತಪ್ಪಿತು ಎಂದರೆ ಯಾರು ನಂಬುತ್ತಾರೆ? ಆರು ವರ್ಷ ಯಾರಿಗೂ ಅನುಮಾನವೇ ಬರಲಿಲ್ಲ.

ವಿಷಯ ಮೇಲೆದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಎಲ್ಲರೂ ಊಟಕ್ಕೆ ಕೂತಿದ್ದರು. ಬೇಕರಿಯ ಬ್ರೆಡ್ಡು ಹಂಚುವ ವ್ಯಾನ್ ಓಡಿಸುವ ಮಗ, ಅವನ ಹೆಂಡತಿ, ಮಕ್ಕಳು, ಮೇಷ್ಟ್ರು. ಮೇಷ್ಟ್ರ ಹೆಂಡತಿ ಬಡಿಸುತ್ತಿದ್ದರು. ಮದುವೆಯಾಗಿ ಎರಡು ಬೀದಿ ಆಚೆ ಇರುವ ಮಗಳು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಓಡಿ ಬಂದಳು. ಬಸ್ ನಿಲ್ದಾಣದ ಹಿಂದೆ ಬಾಡಿಗೆಯ ಅಂಗಡಿಯಲ್ಲಿ ಹೊಲಿಗೆ ಅವಳ ಕಸುಬು.

"ಅಪ್ಪ, ಅಂಗಡಿ ಓನರ್ ಮಾರ್ತಾರಂತೆ. ಹನ್ನೊಂದು ವರ್ಷದಿಂದ ಇದ್ದೀಯಲ್ಲ, ಮೊದಲು ನಿನ್ನನ್ನೇ ಕೇಳ್ತೀನಮ್ಮ ಅಂದ್ರು. ಐದು ಲಕ್ಷ. ಆರು ವಾರ ಟೈಮ್ ಕೊಟ್ಟಿದ್ದಾರೆ."

"ತಗೊಳ್ಳದಿದ್ರೆ?" ಸೊಸೆ ಕೇಳಿದಳು.

"ಪಕ್ಕದ ಚಪ್ಪಲಿ ಅಂಗಡಿಯವನು ದುಡ್ಡು ಹಿಡ್ಕೊಂಡು ನಿಂತಿದ್ದಾನೆ. ನನ್ನ ಗಂಟುಮೂಟೆ ಬೀದಿಗೆ." ಅವಳು ಅಪ್ಪನ ಕಡೆ ತಿರುಗಿದಳು. ಮುಖದಲ್ಲಿ ಸಂಭ್ರಮ ತುಂಬಿತ್ತು. "ಅದಕ್ಕೇ ಬಂದೆ ಅಪ್ಪ. ನನ್ನ ನಾಣ್ಯ ಕೊಡಿ. ಈ ಸಲದ ಪುಸ್ತಕದಲ್ಲಿ ಐದು ಲಕ್ಷ ಇಪ್ಪತ್ತು ಸಾವಿರ ಅಂತ ನೀವೇ ಓದಿದ್ರಲ್ಲ? ಮಾರಿ ಅಂಗಡಿ ಕೊಂಡ್ಕೊಳ್ತೀನಿ. ಉಳಿದ ಇಪ್ಪತ್ತರಲ್ಲಿ ಬೋರ್ಡು ಬರೆಸ್ತೀನಿ."

ಮೇಷ್ಟ್ರ ತುತ್ತು ಕೈಯಲ್ಲೇ ಉಳಿಯಿತು.

"ನೋಡೋಣ," ಎಂದರು.

"ನೋಡೋದೇನಿದೆ ಅದರಲ್ಲಿ?" ಹೆಂಡತಿ ಕೇಳಿದರು. "ಅವಳದ್ದು ಅವಳಿಗೆ ಕೊಡೋಕೆ ನಿಮ್ಮ ನೋಟ ಯಾಕೆ? ಮೊದಲು ಊಟ ಮಾಡಿ, ಆಮೇಲೆ ತೆಗೆದುಕೊಡಿ."

"ಆತುರ ಮಾಡಬಾರ್ದು. ಮಾರುಕಟ್ಟೆ ಈಗ ಬಿದ್ದಿದೆ."

ಅಷ್ಟು ಹೇಳಿ ಮೇಷ್ಟ್ರು ಕೈ ತೊಳೆಯಲು ಎದ್ದರು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು.

ಆ ನಾಣ್ಯದ ಕಥೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹಳೇ ಕಾಲದ ಬೆಳ್ಳಿಯದು, ಅಂಗೈ ನಡುವೆ ಕೂರುವಷ್ಟು ದೊಡ್ಡದು. ಅದರ ಮೇಲಿನ ಇಸವಿ ಎರಡು ಸಲ ಬಿದ್ದಿತ್ತು. ಒಂದೊಂದು ಅಂಕಿಯ ಪಕ್ಕದಲ್ಲೂ ಅದರದೇ ನೆರಳಿನಂತೆ ಇನ್ನೊಂದು. ನಾಣ್ಯ ಕೂಡಿಡುವವರ ಲೋಕವೇ ವಿಚಿತ್ರ, ಸರಿಯಾಗಿ ಅಚ್ಚಾದ ನಾಣ್ಯಕ್ಕಿಂತ ತಪ್ಪಾಗಿ ಅಚ್ಚಾದದ್ದಕ್ಕೆ ಅಲ್ಲಿ ಮರ್ಯಾದೆ ಹೆಚ್ಚು. ವರ್ಷಕ್ಕೊಮ್ಮೆ ಅಂಚೆಯಲ್ಲಿ ಬರುವ ನಾಣ್ಯಗಳ ಬೆಲೆಪುಸ್ತಕದ ನೂರ ಹನ್ನೆರಡನೇ ಪುಟದಲ್ಲಿ ಈ ಎರಡು ಇಸವಿಯ ನಾಣ್ಯದ ಬೆಲೆ ಅಚ್ಚಾಗಿರುತ್ತಿತ್ತು. ಪುಸ್ತಕ ಬಂದ ದಿನ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಆ ಪುಟವನ್ನು ಮನೆಮಂದಿಗೆಲ್ಲ ಕೇಳುವಂತೆ ಓದುತ್ತಿದ್ದರು. ಬೆಲೆ ಒಂದು ವರ್ಷವೂ ಇಳಿದದ್ದಿಲ್ಲ.

ಆರು ವರ್ಷದ ಹಿಂದೆ ಮೇಷ್ಟ್ರು ಪಾಲು ಮಾಡಿದ್ದೂ ಆ ಪುಟವನ್ನು ಮುಂದಿಟ್ಟುಕೊಂಡೇ. ಮೂರು ಕೋಣೆಯ ಮನೆಗೆ ಆಗ ಮೂರು ಲಕ್ಷ ಬೆಲೆ ಕಟ್ಟಿದ್ದರು. ಪುಸ್ತಕದಲ್ಲಿ ನಾಣ್ಯಕ್ಕೂ ಮೂರು ಲಕ್ಷ. ಮನೆ ಮಗನಿಗೆ, ನಾಣ್ಯ ಮಗಳಿಗೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು. ಮಗಳು ಮನೆಯ ಹಕ್ಕು ಬಿಟ್ಟ ಪತ್ರಕ್ಕೆ ನಗುನಗುತ್ತಾ ಸಹಿ ಹಾಕಿ, "ಭದ್ರವಾಗಿ ನಿಮ್ಮ ಹತ್ರಾನೇ ಇರ್ಲಿ ಅಪ್ಪ, ನಮ್ಮನೇಲಿ ಬೀಗ ಸರಿಯಿಲ್ಲ" ಎಂದು ನಾಣ್ಯವನ್ನು ಅಪ್ಪನ ತಗಡಿನ ಡಬ್ಬಿಗೇ ವಾಪಸ್ ಹಾಕಿದಳು. ಅವಳ ಅತ್ತೆಮನೆಯವರು ಮಾತ್ರ ಮೂಗು ಮುರಿದರು. ಮಗನಿಗೆ ಮನೆ, ಮಗಳಿಗೆ ಒಂದು ಬಿಲ್ಲೆ, ಇದೆಂಥ ಸಮಪಾಲು ಎಂದರು. ಮಗಳು ಪುಸ್ತಕ ತೆಗೆದುಕೊಂಡು ಹೋಗಿ ಪುಟ ತೋರಿಸಿ ಬಂದಳು.

ಯಾರಿಗೂ ಗೊತ್ತಿಲ್ಲದ ಸಂಗತಿ ಇಷ್ಟೇ. ಆ ಪುಟದ ಬೆಲೆಯನ್ನು ಬರೆದು ಕಳಿಸಿದವರು ಸ್ವತಃ ಮೇಷ್ಟ್ರು.

ಅದಕ್ಕೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಕಬ್ಬಿಣದ ಅಂಗಡಿ ಮುಚ್ಚಿ ಊರು ಬಿಡುತ್ತಿದ್ದ ಗಿರಾಕಿಯೊಬ್ಬ ಆ ನಾಣ್ಯ ತೋರಿಸಿದ. ಮೇಷ್ಟ್ರು ತೂಗಿ ನೋಡಿದರು. ಮಿಲಿಗ್ರಾಮಿನ ತನಕ ಸರಿಯಿತ್ತು. ತೂಕ ಸರಿಯಿದ್ದರೆ ಎಲ್ಲ ಸರಿ ಎಂಬುದು ಅವರ ಕಸುಬಿನ ಮಂತ್ರ. ಒಂಬತ್ತು ಸಾವಿರ ಎಣಿಸಿ ಕೊಟ್ಟರು. ಆ ಒಂಬತ್ತು ಸಾವಿರ, ಮಗಳನ್ನು ಹೊಲಿಗೆ ಶಾಲೆಗೆ ಸೇರಿಸಲು ಹೆಂಡತಿ ಎರಡು ವರ್ಷ ಕೂಡಿಟ್ಟದ್ದು.

"ಒಂಬತ್ತು ಸಾವಿರ ಕೊಟ್ಟು ಬಿಲ್ಲೆ ತಂದಿದ್ದೀರಲ್ಲ, ಅದನ್ನೇ ಬೇಯಿಸಿ ಹಾಕ್ತೀನಿ, ತಿನ್ನಿ," ಎಂದರು ಹೆಂಡತಿ. ಮೂರು ದಿನ ಮನೆಯಲ್ಲಿ ಮಾತಿಲ್ಲ. ಆಗಿನ ಬೆಲೆಪುಸ್ತಕದಲ್ಲಿ ಅಂಥ ನಾಣ್ಯದ ಹೆಸರೇ ಇರಲಿಲ್ಲ, ಹಾಗಾಗಿ ತೋರಿಸಲು ಸಾಕ್ಷಿಯೂ ಇಲ್ಲ. ಆದರೆ ಕೊನೆಯ ಪುಟದಲ್ಲಿ ಒಂದು ಅರ್ಜಿ ಇತ್ತು: ಓದುಗರು ತಾವು ಕೊಂಡ ಅಥವಾ ಮಾರಿದ ನಾಣ್ಯದ ವಿವರ ತಿಳಿಸಬೇಕಾಗಿ ವಿನಂತಿ. ನಾಲ್ಕನೇ ದಿನ ಮೇಷ್ಟ್ರು ಅಡುಗೆಮನೆಯ ಮೇಜಿನ ಮುಂದೆ ಕೂತು ಅದನ್ನು ತುಂಬಿದರು. ತೂಕ, ಅಗಲ, ದಪ್ಪ, ಲೋಹ ಎಲ್ಲವನ್ನೂ ಕರಾರುವಾಕ್ಕಾಗಿ ಬರೆದರು. ತಮ್ಮ ಬಳಿ ಇಂಥವು ಎರಡಿದ್ದವೆಂದೂ ಒಂದನ್ನು ನಲವತ್ತು ಸಾವಿರಕ್ಕೆ ಮಾರಿದೆನೆಂದೂ ಬರೆದರು. ಕೆಳಗೆ 'ತೂಕ ಮತ್ತು ತಕ್ಕಡಿ ಪರೀಕ್ಷಕ' ಎಂದು ಸಹಿ ಹಾಕಿದರು. ಅಷ್ಟು ಕರಾರುವಾಕ್ಕಾಗಿ ತೂಕ ಬರೆದವನು ಬೆಲೆಯಲ್ಲಿ ಸುಳ್ಳು ಹೇಳುತ್ತಾನೆ ಎಂದು ಪುಸ್ತಕದವರಿಗೆ ಹೊಳೆಯಲಿಲ್ಲ. ಮರುವರ್ಷ ಅಚ್ಚಾಗಿ ಬಂತು: ನಲವತ್ತು ಸಾವಿರ. ಹೆಂಡತಿ ಅಕ್ಕಪಕ್ಕದ ನಾಲ್ಕು ಮನೆಗೆ ಹೇಳಿ ಬಂದರು. ಮಗಳು ಒಂದು ವರ್ಷ ತಡವಾಗಿ ಹೊಲಿಗೆ ಶಾಲೆಗೆ ಸೇರಿದಳು.

ಆಮೇಲೆ ಪುಸ್ತಕದವರು ಎಲ್ಲ ನಾಣ್ಯಕ್ಕೂ ವರ್ಷ ವರ್ಷ ಇಷ್ಟಿಷ್ಟು ಏರಿಸುತ್ತಾ ಹೋದರು. ಇದಕ್ಕೂ ಏರಿತು. ಅಚ್ಚಿನ ಅಕ್ಷರಕ್ಕೆ ಏನೋ ಒಂದು ಶಕ್ತಿಯಿದೆ. ತಾವೇ ಬರೆದ ಸುಳ್ಳನ್ನು ಐದು ವರ್ಷ ಓದಿದ ಮೇಲೆ ಮೇಷ್ಟ್ರಿಗೂ ಅರ್ಧ ನಂಬಿಕೆ ಬಂತು. ಹತ್ತು ವರ್ಷಕ್ಕೆ ಮುಕ್ಕಾಲು ಬಂತು. ಪಾಲು ಮಾಡುವ ದಿನ ಉಳಿದ ಕಾಲುಭಾಗ ಚುಚ್ಚಿತು. ಆದರೆ ಮಗಳು ಇದನ್ನು ಮಾರುವ ಹೊತ್ತಿಗೆ ತಾನು ಇರುವುದಿಲ್ಲ, ಪುಸ್ತಕ ಇರುತ್ತದೆ ಎಂದುಕೊಂಡು ಕಣ್ಣು ಮುಚ್ಚಿಬಿಟ್ಟರು. ಪೇಟೆಯಲ್ಲಿ ನಾಣ್ಯದ ಅಂಗಡಿಯೊಂದು ಇತ್ತು, ಒಂದು ದಿನವೂ ಒಳಗೆ ಹೋಗಲಿಲ್ಲ. ಆ ಬೀದಿಗೆ ಹೋದರೆ ಆಚೆ ಬದಿಯಲ್ಲಿ ನಡೆಯುತ್ತಿದ್ದರು.

ಒಂದು ವಾರ ಕಳೆಯಿತು, ಎರಡಾಯಿತು. ಮಗಳು ಬಂದಾಗಲೆಲ್ಲ ಮೇಷ್ಟ್ರ ಬಳಿ ಒಂದೊಂದು ನೆಪ ಸಿದ್ಧವಿತ್ತು. ಡಬ್ಬಿಯ ಕೀ ಸಿಗುತ್ತಿಲ್ಲ. ಕೊಳ್ಳುವವರು ಹಬ್ಬ ಕಳೆದ ಮೇಲೆ ಬರುತ್ತಾರೆ. ಇನ್ನೊಂದು ವರ್ಷ ಕಾದರೆ ಐವತ್ತು ಸಾವಿರ ಹೆಚ್ಚು. ಮಗಳ ಮುಖದ ಸಂಭ್ರಮ ಇಳಿಯುತ್ತಾ ಬಂತು. ಅದರ ಜಾಗದಲ್ಲಿ ಬೇರೆ ಏನೋ ಕೂತಿತು.

ಮೂರನೇ ವಾರ ಅವಳು ಅಡುಗೆಮನೆಯಲ್ಲಿ ತಮ್ಮನನ್ನು ಹಿಡಿದು ನಿಲ್ಲಿಸಿದಳು. ಅವನು ಬೆಳಗಿನ ಬ್ರೆಡ್ಡು ಹಂಚಿ ಬಂದು ಟೀ ಕುಡಿಯುತ್ತಿದ್ದ.

"ನಿಜ ಹೇಳು. ವ್ಯಾನಿಗೆ ದುಡ್ಡು ಎಲ್ಲಿಂದ ಬಂತು?"

"ಯಾವ ವ್ಯಾನಿಗೆ? ಮನೆ ಪತ್ರ ಇಟ್ಟು ಸಾಲ ತಗೊಂಡೆ, ನಿನಗೇ ಗೊತ್ತಲ್ಲ."

"ಗೊತ್ತಿಲ್ಲ. ನೀನು ಹೇಳಿದ್ದು ಗೊತ್ತು, ಅಷ್ಟೇ."

ಅವನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಲೋಟ ಕೆಳಗಿಟ್ಟ. "ಏನಕ್ಕ ನೀನು ಹೇಳ್ತಿರೋದು? ನಾಣ್ಯ ನಾನು ಮಾರ್ಕೊಂಡೆ ಅಂತಾನಾ?"

"ಇದ್ದಿದ್ರೆ ಅಪ್ಪ ಕೊಡ್ತಿದ್ರಲ್ಲ? ಮಗನ್ನ ಬಿಟ್ಟುಕೊಡೋಕಾಗದೆ ಒದ್ದಾಡ್ತಿದ್ದಾರೆ. ನನಗೆ ಕಣ್ಣಿಲ್ವಾ?"

ಸೊಸೆ ತೊಳೆಯುತ್ತಿದ್ದ ಪಾತ್ರೆ ಬಿಟ್ಟು ತಿರುಗಿದಳು. "ಅಕ್ಕ, ನಾವು ಈ ಮನೇಲಿ ಇರೋದು ನಿಮ್ಮ ಕಣ್ಣಿಗೆ ಚುಚ್ತಿದೆ ಅಂದ್ರೆ ನೇರವಾಗಿ ಹೇಳಿ. ಮಾವನ ಮಾತ್ರೆ, ಅತ್ತೆಯ ಮಂಡಿನೋವು, ಕರೆಂಟು, ನೀರು ಎಲ್ಲ ನಾವೇ ನೋಡ್ಕೊಳ್ತೀವಿ. ಅದಕ್ಕೆ ಪುಸ್ತಕದಲ್ಲಿ ಎಷ್ಟು ಬೆಲೆ ಬರೆದಿದ್ದಾರಂತೆ?"

"ನೀನು ಮಧ್ಯೆ ಬರ್ಬೇಡ."

"ಕಳ್ಳ ಅನ್ನಿಸ್ಕೊಂಡಿರೋದು ನನ್ನ ಗಂಡ, ಮಧ್ಯೆ ನಾನಲ್ದೆ ಇನ್ಯಾರು ಬರ್ತಾರೆ?"

ಹೊರಗಿನ ಕೋಣೆಯಲ್ಲಿ ಮೇಷ್ಟ್ರು ಎಲ್ಲ ಕೇಳಿಸಿಕೊಂಡರು. ಆಗಲೇ ಎದ್ದು ಹೋಗಿ ಒಂದು ಮಾತು ಹೇಳಿಬಿಟ್ಟಿದ್ದರೆ ಆ ಮನೆ ಇಷ್ಟು ಹಾಳಾಗುತ್ತಿರಲಿಲ್ಲ. ಎದ್ದರು ಕೂಡ. ಆದರೆ ತಂದದ್ದು ಮಾತನ್ನಲ್ಲ, ತಗಡಿನ ಡಬ್ಬಿಯನ್ನು. ಮೇಜಿನ ಮೇಲೆ ಮುಚ್ಚಳ ತೆಗೆದರು. ಹತ್ತಿಯ ಮೇಲೆ ನಾಣ್ಯ ತಣ್ಣಗೆ ಕೂತಿತ್ತು.

ಮಗಳು ನೋಡಿದಳು, ತಮ್ಮನನ್ನು ನೋಡಿದಳು. "ತಪ್ಪಾಯ್ತು ಕಣೋ," ಎಂದಳು.

ಅವನು ವ್ಯಾನಿನ ಕೀ ತೆಗೆದುಕೊಂಡ. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ವಂತೆ ಅಕ್ಕ. ನೀನು ಲಕ್ಷಗಟ್ಟಲೆ ಮಾತಾಡ್ತಿದ್ದೀಯ, ಬರುತ್ತೇನೋ ನೋಡೋಣ," ಎಂದು ಹೊರಟುಹೋದ. ಆ ರಾತ್ರಿ ಊಟಕ್ಕೂ ಬರಲಿಲ್ಲ.

ಮಾರನೆಯ ದಿನ ಅಪ್ಪ ಮಗಳು ಬಸ್ಸು ಹತ್ತಿ ನಾಣ್ಯದ ಅಂಗಡಿಗೆ ಹೋದರು. ಅಂಗಡಿ ನಡೆಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಎರಡು ಕನ್ನಡಕ, ಎದುರಿಗೆ ಮೇಜಿನ ಮೇಲೆ ಸಣ್ಣ ತಕ್ಕಡಿ. ಆ ತಕ್ಕಡಿ ಸರಿಯಾಗಿದೆಯೇ ಎಂದು ಮೇಷ್ಟ್ರ ಕಣ್ಣು ತಾನಾಗಿಯೇ ನೋಡಿತು. ಸರಿಯಾಗಿತ್ತು.

ಆಕೆ ನಾಣ್ಯವನ್ನು ಅಂಚು ಹಿಡಿದು ಎತ್ತಿ ತೂಗಿದರು. ಅಂಚಿನ ಗೀರುಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ದಪ್ಪ ಭೂತಗನ್ನಡಿ ಕಣ್ಣಿಗೆ ಒತ್ತಿಕೊಂಡು ಇಸವಿಯ ಮೇಲೆ ಬಗ್ಗಿದರು. ಮೇಷ್ಟ್ರು ನೆಲ ನೋಡುತ್ತಿದ್ದರು.

"ಖೋಟಾ ಅಲ್ಲ," ಎಂದರು ಆಕೆ. "ಒಳ್ಳೇ ಬೆಳ್ಳಿ. ಟಂಕಸಾಲೆಯಿಂದಲೇ ಬಂದದ್ದು."

"ಅಬ್ಬಾ!" ಮಗಳು ಅಪ್ಪನ ತೋಳು ಹಿಡಿದಳು.

"ತಾಳಮ್ಮ. ಇಲ್ಲಿ ನೋಡು." ಭೂತಗನ್ನಡಿಯನ್ನು ಮಗಳ ಕೈಗೆ ಕೊಟ್ಟರು. "ಎರಡನೇ ಅಂಕಿ ಹೇಗೆ ಕಾಣುತ್ತೆ? ಉಬ್ಬಿದೆಯಾ, ಚಪ್ಪಟೆಯಾಗಿದೆಯಾ?"

"ಚಪ್ಪಟೆ. ಮೆಟ್ಟಿಲಿನ ಥರ."

"ಅಚ್ಚು ಕೊರೆಯುವಾಗಲೇ ತಪ್ಪಾಗಿ ಎರಡು ಸಲ ಬಿದ್ದಿದ್ರೆ ಎರಡನೇದೂ ಮೊದಲನೇದರ ಹಾಗೇ ದುಂಡಗೆ ಉಬ್ಬಿರುತ್ತೆ. ಅದು ಅಪರೂಪ. ಇದು ಒತ್ತುವಾಗ ಯಂತ್ರ ಅಲುಗಿದ್ದು. ಬೋಲ್ಟು ಸಡಿಲ ಇದ್ದ ದಿನ ಬೆಳಗಿಂದ ಸಂಜೆವರೆಗೂ ಹೀಗೇ ಬೀಳುತ್ತೆ. ತೂಕ ನೋಡಿದರೆ ಇದು ಗೊತ್ತಾಗಲ್ಲ. ಎರಡಕ್ಕೂ ಒಂದೇ ತೂಕ." ಆಕೆ ಮೇಜಿನ ಡ್ರಾಯರ್ ಎಳೆದು ಮೂರು ನಾಣ್ಯ ತೆಗೆದು ಸಾಲಾಗಿ ಇಟ್ಟರು. ಮೂರರಲ್ಲೂ ಇಸವಿ ಎರಡೆರಡು ಸಲ ಇತ್ತು. "ಬೆಳ್ಳಿ ಬೆಲೆಗೆ ಬೇಕಾದ್ರೆ ತಗೊಳ್ತೀನಿ. ಎಂಟುನೂರು."

ಮಗಳು ಚೀಲದಿಂದ ಬೆಲೆಪುಸ್ತಕ ತೆಗೆದು ನೂರ ಹನ್ನೆರಡನೇ ಪುಟವನ್ನು ಆಕೆಯ ಮುಂದೆ ಹಿಡಿದಳು. "ಇಲ್ಲಿ ಬರೆದಿದೆಯಲ್ಲಮ್ಮ? ಐದು ಲಕ್ಷ ಇಪ್ಪತ್ತು ಸಾವಿರ."

"ಬರೆದಿದೆ. ಆ ಬೆಲೆಗೆ ಕೊಳ್ಳೋರು ಯಾರಾದ್ರೂ ಸಿಕ್ಕರೆ ಹೇಳಿ, ನನ್ನ ಮೂರನ್ನೂ ಕೊಟ್ಟು ಈ ಕಸುಬು ಬಿಟ್ಟು ಆರಾಮಾಗಿ ಮನೇಲಿ ಇರ್ತೀನಿ." ಆಕೆ ನಕ್ಕರು, ಮಗಳ ಮುಖ ನೋಡಿ ನಗು ನಿಲ್ಲಿಸಿದರು. "ನೋಡಮ್ಮ, ಹತ್ತು ಜನ ಕೊಂಡು ಮಾರಿದ ನಾಣ್ಯಕ್ಕೆ ಪುಸ್ತಕದ ಬೆಲೆ ಸುಮಾರಾಗಿ ಸರಿಯಿರುತ್ತೆ. ಯಾರೂ ಕೊಳ್ಳದ ಮಾರದ ನಾಣ್ಯಕ್ಕೆ ಅವರಿಗೆ ಎಲ್ಲಿಂದ ಬೆಲೆ ಗೊತ್ತಾಗ್ಬೇಕು? ಯಾವನೋ ಒಬ್ಬ ಬರೆದು ಕಳಿಸಿರ್ತಾನೆ. ಇವರು ಹಾಕಿರ್ತಾರೆ. ಆಮೇಲೆ ವರ್ಷ ವರ್ಷ ನೀರು ಹಾಕಿ ಬೆಳೆಸ್ತಾರೆ."

"ಯಾರು ಬರೆದಿರಬಹುದು?"

"ಯಾರಾದ್ರೂ ಬರೀಬಹುದು. ತನ್ನ ಮಾಲಿಗೆ ಬೆಲೆ ಬರ್ಲಿ ಅಂತ ಬರೆದಿರ್ತಾನೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರ ಕೈ ಜೇಬಿನ ಪೆನ್ನಿನ ಮೇಲೆ ಹೋಯಿತು. ಯಾರೂ ಗಮನಿಸಲಿಲ್ಲ.

ಹೊರಗೆ ಬಂದ ಮೇಲೆ ಮಗಳು ಫುಟ್‌ಪಾತಿನ ಮೇಲೆ ನಿಂತು ಪುಸ್ತಕವನ್ನು ಚೀಲಕ್ಕೆ ಹಾಕಿದಳು. ಆಮೇಲೆ ಅಪ್ಪನ ಮುಖ ನೋಡಿ, ಅವರ ಬಣ್ಣ ಹೋದದ್ದು ಕಂಡು ಗಾಬರಿಯಾದಳು. ಕೈ ಹಿಡಿದು ಟೀ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ, ತಾನೇ ಸಕ್ಕರೆ ಕಲಕಿ ಕೊಟ್ಟಳು.

"ಅಪ್ಪ, ನೀವು ಮನಸ್ಸಿಗೆ ಹಚ್ಕೋಬೇಡಿ. ಇಪ್ಪತ್ತು ವರ್ಷ ನಿಮಗೇ ಮೋಸ ಮಾಡಿದ್ದಾರೆ. ಯಾವನೋ ಪಾಪಿ ಬರೆದ ಸುಳ್ಳಿಗೆ ನೀವೇನು ಮಾಡ್ತೀರಿ?"

ಆ ಟೀಯಷ್ಟು ಕಹಿಯಾದದ್ದನ್ನು ಮೇಷ್ಟ್ರು ತಮ್ಮ ಜೀವಮಾನದಲ್ಲಿ ಕುಡಿದಿರಲಿಲ್ಲ. ಬಾಯಿ ತುದಿಗೆ ಬಂದ ಮಾತನ್ನು ಟೀ ಜೊತೆ ಒಳಕ್ಕೆ ಇಳಿಸಿದರು. ಮನೆಗೆ ಹೋಗಿ ಹೇಳೋಣ ಎಂದುಕೊಂಡರು. ಮನೆಗೆ ಹೋದ ಮೇಲೆ ನಾಳೆ ಹೇಳೋಣ ಎಂದುಕೊಂಡರು.

ಹೇಳಿಸಿದವರು ಹೆಂಡತಿ. ಅದೇ ರಾತ್ರಿ ಊಟಕ್ಕೆ ಎಲ್ಲರೂ ಇದ್ದರು. ಅಕ್ಕನ ಜೊತೆ ಮಾತು ಬಿಟ್ಟಿದ್ದ ತಮ್ಮನೂ ತಟ್ಟೆ ನೋಡುತ್ತಾ ಕೂತಿದ್ದ. ಮಗಳು ಅಂಗಡಿಯಲ್ಲಿ ನಡೆದದ್ದೆಲ್ಲ ಹೇಳಿ, "ಯಾವನೋ ಬರೆದ ಒಂದು ಪತ್ರ ಅಂತೆ ಅಮ್ಮ, ಅಷ್ಟೇ" ಎಂದಳು.

"ಬರೆದ ಕೈ ಸೇದಿಹೋಗ!" ಎಂದು ಶಪಿಸಿದ ಹೆಂಡತಿಯ ಸೌಟು ಅಲ್ಲೇ ನಿಂತಿತು. ಗಂಡನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ರೀ. ಆ ಸಲ ನಾನು ಮಾತು ಬಿಟ್ಟಿದ್ದಾಗ ಅಡುಗೆಮನೆ ಮೇಜಿನ ಮುಂದೆ ಕೂತು ಇಡೀ ಬೆಳಿಗ್ಗೆ ಏನೋ ಬರೀತಿದ್ರಿ. ಸ್ಟಾಂಪಿಗೆ ಚಿಲ್ಲರೆ ನನ್ನ ಹತ್ರಾನೇ ಕೇಳಿದ್ರಿ. ಅದೇನು?"

ಮೇಷ್ಟ್ರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಅಪ್ಪ?" ಎಂದಳು ಮಗಳು.

"ನಾನೇ," ಎಂದರು ಮೇಷ್ಟ್ರು. "ನಿಮ್ಮಮ್ಮನಿಗೆ ತೋರಿಸೋಕೆ ಬರೆದೆ. ಇಷ್ಟು ದೂರ ಬರುತ್ತೆ ಅಂದ್ಕೊಂಡಿರಲಿಲ್ಲ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಮಗಳು ತಟ್ಟೆಯಲ್ಲೇ ಕೈ ತೊಳೆದಳು.

"ಮಧ್ಯಾಹ್ನ ನಾನು ಟೀ ಕುಡಿಸಿ ಸಮಾಧಾನ ಹೇಳ್ತಿದ್ದೆ," ಎಂದಳು. "ಆಗಲೂ ಹೇಳಲಿಲ್ಲ. ಇವನನ್ನ ಕಳ್ಳ ಅಂದಾಗಲೂ ಹೇಳಲಿಲ್ಲ. ಗೋಡೆ ಆಚೆ ಕೂತು ಕೇಳಿಸ್ಕೊಂಡ್ರಿ ಅಪ್ಪ."

ಮಗ ತಲೆ ಎತ್ತಿದ. "ಅಕ್ಕ, ಮನೆ ಮಾರಿ ಅರ್ಧ ಕೊಡೋಣ ಅಂದ್ರೆ ಪತ್ರ ಬ್ಯಾಂಕಲ್ಲಿದೆ. ಇನ್ನು ಒಂಬತ್ತು ವರ್ಷ ಕಟ್ಬೇಕು. ಮುಂದಿನ ಕೋಣೆ ಬಿಟ್ಟುಕೊಡ್ತೀವಿ, ಮೆಷಿನ್ ತಂದು ಹಾಕ್ಕೊ."

ಸೊಸೆ ಗಂಡನ ಮುಖ ನೋಡಿದಳು.

"ಬೇಡ ಕಣೋ," ಎಂದಳು ಮಗಳು. "ಆ ಕೋಣೇಲಿ ನಿನ್ನ ಮಕ್ಕಳು ಮಲಗ್ತಾರೆ." ನಾಣ್ಯವನ್ನು ಹತ್ತಿಯ ಸಮೇತ ತೆಗೆದುಕೊಂಡು ಚೀಲಕ್ಕೆ ಹಾಕಿದಳು. "ಇದು ಹೇಗಿದ್ರೂ ನನ್ನದೇ ಅಲ್ವಾ," ಎಂದು ಹೊರಟಳು. ಹೆಂಡತಿ ಆ ರಾತ್ರಿಯಿಂದ ಮೇಷ್ಟ್ರಿಗೆ ಬಡಿಸುವುದನ್ನು ಸೊಸೆಗೆ ಬಿಟ್ಟರು.

ಆರು ವಾರ ಮುಗಿಯಿತು. ಅಂಗಡಿ ಚಪ್ಪಲಿಯವನ ಪಾಲಾಯಿತು. ಮಗಳು ಎರಡು ಮೆಷಿನ್‌ಗಳಲ್ಲಿ ಒಂದನ್ನು ಮಾರಿ, ಇನ್ನೊಂದನ್ನು ತನ್ನ ಮನೆಯ ಬಾಗಿಲಿಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಇಟ್ಟುಕೊಂಡಳು. ಬರುವವರು ಹೋಗುವವರು ಅವಳ ಕುರ್ಚಿಗೆ ತಾಗಿಕೊಂಡೇ ದಾಟಬೇಕು. ಹಳೇ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಅಷ್ಟು ದೂರ ಬರಲಿಲ್ಲ. ಇದೆಲ್ಲ ಮೇಷ್ಟ್ರಿಗೆ ಸೊಸೆಯ ಬಾಯಿಂದ ತಿಳಿಯಿತು. ಮಗಳು ಭಾನುವಾರ ಬರುವುದನ್ನು ನಿಲ್ಲಿಸಿದ್ದಳು.

ಮೇಷ್ಟ್ರು ಮತ್ತೆ ಅಡುಗೆಮನೆಯ ಮೇಜಿನ ಮುಂದೆ ಕೂತು ಪತ್ರ ಬರೆದರು. ಈ ಸಲ ಎಲ್ಲವನ್ನೂ ನಿಜವಾಗಿ ಬರೆದರು. ಇಪ್ಪತ್ತು ವರ್ಷದ ಹಿಂದೆ ಸುಳ್ಳು ಬೆಲೆ ಕಳಿಸಿದವನು ನಾನೇ, ನಾಣ್ಯ ಅಪರೂಪದ್ದಲ್ಲ, ಇನ್ನೊಂದು ಮನೆ ಹಾಳಾಗುವ ಮೊದಲು ಆ ಸಾಲು ತೆಗೆಯಿರಿ ಎಂದು ಬೇಡಿಕೊಂಡರು. ಐದು ವಾರದ ನಂತರ ಉತ್ತರ ಬಂತು. ಇಪ್ಪತ್ತು ವರ್ಷದಿಂದ ಪ್ರಕಟವಾಗುತ್ತಿರುವ ಬೆಲೆಯನ್ನು ಒಬ್ಬ ಓದುಗರ ಪತ್ರವನ್ನು ನಂಬಿ ತೆಗೆಯಲು ಬರುವುದಿಲ್ಲ, ತಕ್ಕ ದಾಖಲೆಗಳಿದ್ದರೆ ಕಳಿಸಬೇಕು ಎಂದಿತ್ತು.

ಓದಿ ಮೇಷ್ಟ್ರಿಗೆ ನಗು ಬಂತೋ ಅಳು ಬಂತೋ ಅವರಿಗೇ ತಿಳಿಯಲಿಲ್ಲ. ಆದರೂ, ಸರಿಪಡಿಸಲು ಕೈಲಾದದ್ದು ಮಾಡಿದೆ ಎಂದು ತೋರಿಸಬೇಕು ಅನ್ನಿಸಿತು. ಪತ್ರ ಜೇಬಿಗೆ ಹಾಕಿಕೊಂಡು ಮಗಳ ಮನೆಗೆ ಹೋದರು.

ಅವಳು ಶಾಲೆಯ ಮಗುವಿನ ಲಂಗಕ್ಕೆ ಅಂಚು ಮಡಿಸುತ್ತಿದ್ದಳು. ಅಪ್ಪನನ್ನು ನೋಡಿ ಕುರ್ಚಿ ಸ್ವಲ್ಪ ಎಳೆದುಕೊಂಡು ದಾರಿ ಕೊಟ್ಟಳು. ಕೂರಲು ಇನ್ನೊಂದು ಕುರ್ಚಿ ಹಾಕುವಷ್ಟು ಜಾಗ ಇರಲಿಲ್ಲ. ಮೇಷ್ಟ್ರು ನಿಂತೇ ಪತ್ರ ಕೊಟ್ಟರು. ಓದಿದಳು.

"ಇದನ್ನ ಯಾಕೆ ಬರೆದ್ರಿ?"

"ತಪ್ಪು ನನ್ನದಲ್ವಾ ಮಗಳೇ. ಅಲ್ಲಿಂದ ಅಳಿಸಿಹಾಕ್ಬೇಕು ಅಂತ."

ಮಗಳು ಒಳಗಿನ ಕೋಣೆಯ ಕಡೆ ಒಮ್ಮೆ ನೋಡಿದಳು. ಅಲ್ಲಿ ಅವಳ ಅತ್ತೆ ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದರು. ಮಗಳು ದನಿ ತಗ್ಗಿಸಿದಳು.

"ಆರು ವರ್ಷ ಈ ಮನೇಲಿ ಒಬ್ಬೊಬ್ಬರ ಬಾಯಿ ಮುಚ್ಚಿಸಿದ್ದೀನಿ ಅಪ್ಪ. ನಮ್ಮಪ್ಪ ತಕ್ಕಡಿಯವರು, ಗುಲಗಂಜಿ ತೂಕ ಆಚೆ ಈಚೆ ಮಾಡೋರಲ್ಲ, ಇಬ್ಬರಿಗೂ ಸಮ ಕೊಟ್ಟಿದ್ದಾರೆ ಅಂತ. ಅಂಗಡಿ ಯಾಕೆ ಬಿಟ್ಟೆ ಅಂತ ಕೇಳಿದ್ರು. ಏನು ಹೇಳ್ಲಿ? ನಾಣ್ಯದ ಬೆಲೆ ಇನ್ನೂ ಏರುತ್ತೆ, ಈಗ ಮಾರಿದ್ರೆ ನಷ್ಟ, ಅದಕ್ಕೇ ಇಟ್ಕೊಂಡಿದ್ದೀನಿ ಅಂದೆ. ಪುಟ ತೋರಿಸ್ದೆ. ನಂಬಿದ್ರು."

ಮೇಷ್ಟ್ರು ಗೋಡೆ ಹಿಡಿದುಕೊಂಡರು. ಸುಳ್ಳು ಹೇಳಿದರೆ ಸಿಕ್ಕಿಬೀಳುವಷ್ಟು ಮುಖ ಕೆಂಪಾಗುತ್ತಿದ್ದ ಹುಡುಗಿ ಇವಳು. ಈಗ ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬೇಡ ಮಗಳೇ," ಎಂದರು. "ನಾನೇ ಹೇಳ್ತೀನಿ ಅವರಿಗೆ. ಈಗಲೇ ಹೇಳ್ತೀನಿ."

"ಹೇಳಿ ನೀವು ಮನೆಗೆ ಹೋಗ್ತೀರಿ. ನಾನು ಇಲ್ಲೇ ಇರ್ಬೇಕು." ಅವಳು ಪತ್ರವನ್ನು ಮಡಿಸಿ ಅಪ್ಪನ ಜೇಬಿಗೆ ತಾನೇ ತುರುಕಿದಳು. ಚಿಕ್ಕ ಮಗುವಿಗೆ ಕರವಸ್ತ್ರ ಇಡುವ ಹಾಗೆ ಜೇಬನ್ನು ತಟ್ಟಿದಳು. "ಇನ್ನು ಪುಸ್ತಕದವರಿಗೆ ಪತ್ರ ಬರೀಬೇಡಿ. ಆ ಸಾಲು ಅಲ್ಲೇ ಇರ್ಲಿ."

ಒಳಗೆ ಫೋನಿನ ಮಾತು ಮುಗಿಯಿತು. ಮಗಳು ಲಂಗವನ್ನು ಸೂಜಿಯ ಕೆಳಗೆ ಇಟ್ಟು ಸ್ವಲ್ಪ ಗಟ್ಟಿಯಾಗಿ, ಒಳಗೂ ಕೇಳುವಂತೆ ಕೇಳಿದಳು:

"ಅಪ್ಪ, ಹೊಸ ಪುಸ್ತಕ ಬಂದ ಕೂಡಲೇ ತಂದುಕೊಡ್ತೀರಾ? ಅತ್ತೆ ಕೇಳ್ತಿದ್ರು, ಈಗ ಎಷ್ಟಾಗಿದೆ ಅಂತ."

ಅವಳು ಉತ್ತರಕ್ಕೆ ಕಾಯುತ್ತಿದ್ದಳು. ಮೇಷ್ಟ್ರು ತರುತ್ತೇನೆ ಎಂದರು.